ಕಳಿಸಬೇಡಿ ಎಂದಿದ್ದ ಪತ್ರ

ಹೋದ ವರ್ಷ ನಾನು ಓದಿದ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯ ಜುಬಿಲಿ ನಡೆಯಿತು. ಆಗ ತಂದ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಚರಿತ್ರೆಯನ್ನು ಬರೆದವಳು ನಾನು. ಆ ಲೇಖನದಲ್ಲಿ ಹೀಗೊಂದು ವಾಕ್ಯವಿದೆ: "ಮಕ್ಕಳಿಗೆ ಬಂದ ಪತ್ರಗಳನ್ನು ಒಡೆಯದೆ ಅವರ ಕೈಗೇ ಕೊಡುವ ಪದ್ಧತಿ ನಮ್ಮ ಬೋರ್ಡಿಂಗಿನಲ್ಲಿ ಬಹಳ ಹಿಂದೆಯೇ ಬಂತು, ಮಕ್ಕಳ ಮೇಲೆ ಸಿಸ್ಟರುಗಳಿಗಿದ್ದ ವಿಶ್ವಾಸವೇ ಅದಕ್ಕೆ ಕಾರಣ." ಓದಿದ ಹಲವರು ಅದನ್ನೇ ಎತ್ತಿ ಹೇಳಿ ಮೆಚ್ಚಿದರು. ಪದ್ಧತಿ ಬಂದದ್ದು ನಿಜ. ಬಂದ ಕಾರಣ ಮಾತ್ರ ಅದಲ್ಲ. ಕಾರಣ ನಾನು ಮಾಡಿದ ಒಂದು ಮೋಸ.

ಸರಕಾರಿ ಶಾಲೆಯಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತಳಾದವಳು ನಾನು. ಈಗಿನ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ನನಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವರು. ಅವರೇ ಫೋನು ಮಾಡಿ, "ಟೀಚರ್, ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಬರೆಯುವವರು ಅಂದ್ರೆ ನೀವೇ. ಚರಿತ್ರೆ ನೀವು ಬರೆದು ಕೊಡ್ಬೇಕು. ನಮ್ಮ ಶಾಲೆಯ ಮೌಲ್ಯಗಳು ಎಂತೆಲ್ಲ, ಅದೂ ಬರ್ಬೇಕು" ಎಂದರು. ಆಗುವುದಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಆಯಿತು ಎಂದುಬಿಟ್ಟೆ.

ಮೊದಲ ಭಾಗ ಬರೆಯುವುದು ಕಷ್ಟವಾಗಲಿಲ್ಲ. ಮುರಕಲ್ಲಿನ ಬೋಳು ಗುಡ್ಡದ ಮೇಲೆ, ಗೇರುಮರಗಳ ನಡುವೆ, ಯಾರೋ ಬಿಟ್ಟುಹೋದ ಒಂದು ಹೆಂಚಿನ ಮನೆಯಲ್ಲಿ ಮೂವರು ಸಿಸ್ಟರುಗಳು ಶುರುಮಾಡಿದ ಶಾಲೆ ಅದು. ಒಳನಾಡಿನ ಹುಡುಗಿಯರಿಗೆ ಆಗ ಹತ್ತಿರದಲ್ಲಿ ಹೈಸ್ಕೂಲು ಇರಲಿಲ್ಲ. ಇದ್ದಲ್ಲಿಗೆ ಹೋಗಬೇಕಾದರೆ ಹೊಳೆ ದಾಟಬೇಕು, ಮಳೆಗಾಲದಲ್ಲಿ ಅದೂ ಆಗದು. ಶಾಲೆ ಕಟ್ಟಿದ ಸಿಸ್ಟರ್ ಕೊಡೆ ಹಿಡಿದುಕೊಂಡು ಮನೆ ಮನೆಗೆ ನಡೆದರಂತೆ. ಬೀಡಿ ಕಟ್ಟುವವರ ಮನೆಗೆ, ಮೀನುಗಾರರ ಮನೆಗೆ, ಜಮೀನುದಾರರ ಗುತ್ತಿನ ಮನೆಗೆ, ಬ್ಯಾರಿ ಮುಸ್ಲಿಮರ ಮನೆಗೆ. ಮತಕ್ಕೆ ಸೇರಿಸುತ್ತಾರೆಂದು ಹೆದರಿದವರಿಗೆ, "ಹುಡುಗಿಯನ್ನು ಕಳಿಸಿ, ಅವಳ ದೇವರನ್ನೂ ಜೊತೆಯಲ್ಲೇ ಕಳಿಸಿ" ಎನ್ನುತ್ತಿದ್ದರಂತೆ. ಎಲ್ಲರಿಗೂ ಒಂದೇ ಹಂಡೆಯ ಗಂಜಿ ಎಂದು ತಿಳಿದಾಗ ಕೆಲವು ತಂದೆಯರು ಬಂದು ಮಕ್ಕಳನ್ನು ಕರೆದುಕೊಂಡು ಹೋದರು. ಸಿಸ್ಟರ್ ಎರಡನೆಯ ಹಂಡೆ ಇಡಲಿಲ್ಲ. ಇದ್ದ ಮಕ್ಕಳಿಗೇ ಪಾಠ ಮಾಡಿದರು.

ಇನ್ನೊಂದು ಸಂಗತಿಯನ್ನು ನಾವಿದ್ದಾಗ ಹಿರಿಯ ಸಿಸ್ಟರುಗಳು ಸ್ವರ ತಗ್ಗಿಸಿ ಹೇಳುತ್ತಿದ್ದರು. ಮೊದಲ ವರ್ಷಗಳಲ್ಲೇ ಒಬ್ಬ ಹುಡುಗಿಗೆ ಸಾಂಕ್ರಾಮಿಕ ಜ್ವರ ಬಂತು. ಉಳಿದವರಿಗೆ ತಗಲದಿರಲಿ ಎಂದು ಅವಳನ್ನು ಹಿಂದಿನ ಕೋಣೆಯಲ್ಲಿ ಬೇರೆ ಮಲಗಿಸಿದರು. ಗಂಜಿ ಕೊಡಲು ಹೋದವರು ನೋಡುವಾಗ ಹುಡುಗಿ ಸತ್ತುಹೋಗಿದ್ದಳು. ಜೀವ ಹೋಗುವಾಗ ಹತ್ತಿರ ಯಾರೂ ಇರಲಿಲ್ಲ. ಅಂದಿನಿಂದ ಬೋರ್ಡಿಂಗಿನಲ್ಲಿ ಒಂದು ನಿಯಮವಾಯಿತು: ಯಾವ ಹುಡುಗಿಯೂ ಒಬ್ಬಳೇ ಇರಬಾರದು. ವರ್ಷದ ಆರಂಭದಲ್ಲೇ ಪ್ರತಿಯೊಬ್ಬಳಿಗೂ ಒಬ್ಬ ಜೋಡಿಯನ್ನು ಗೊತ್ತುಮಾಡುತ್ತಿದ್ದರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಹತ್ತಿರ ಕೂರಬೇಕು. ಒಬ್ಬಳು ರಜೆಗೆ ಮನೆಗೆ ಹೋಗದಿದ್ದರೆ ಅವಳ ಜೋಡಿಯೂ ಉಳಿಯಬೇಕು. ಇದನ್ನು ನಾನು ಸಂಚಿಕೆಯಲ್ಲಿ ವಿವರವಾಗಿಯೇ ಬರೆದೆ. ನನ್ನ ಕಥೆ ಆ ನಿಯಮದಿಂದಲೇ ಶುರುವಾಗುತ್ತದೆ.

ನಮ್ಮ ಊರು ಉಪ್ಪಳ. ಉಪ್ಪ, ಎಂದರೆ ನನ್ನ ತಂದೆ, ಗಲ್ಫಿನಲ್ಲಿದ್ದರು. ನನಗೆ ಹನ್ನೆರಡಾದಾಗ ತಾಯಿ, ನಮ್ಮ ಉಮ್ಮ, ಕಾಯಿಲೆ ಬಿದ್ದರು. ಮನೆಯಲ್ಲೇ ಇದ್ದರೆ ಇವಳು ಪುಸ್ತಕ ಬಿಟ್ಟು ಸೌಟು ಹಿಡಿಯುತ್ತಾಳೆ ಎಂದು ಉಪ್ಪ ನನ್ನನ್ನು ಬೋರ್ಡಿಂಗಿಗೆ ಸೇರಿಸಿದರು. ಮನೆಯನ್ನು ಅಕ್ಕ ನೋಡಿಕೊಂಡಳು. ಅವಳ ಓದು ಏಳನೆಯದಕ್ಕೇ ನಿಂತಿತ್ತು. ಬೋರ್ಡಿಂಗಿನಲ್ಲಿ ಚಾಪೆಲಿನ ಪ್ರಾರ್ಥನೆಯ ಹೊತ್ತಿಗೆ ನಮ್ಮಂಥವರು ಜಗಲಿಯಲ್ಲಿ ಕೂತು ನಮ್ಮ ನಮ್ಮ ಪ್ರಾರ್ಥನೆ ಹೇಳಿಕೊಳ್ಳಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ.

ಹತ್ತನೆಯ ತರಗತಿಯಲ್ಲಿ ನನಗೆ ಜೋಡಿಯಾಗಿ ಸಿಕ್ಕಿದವಳು ಬೋವಿಕಾನ ಕಡೆಯ ಹುಡುಗಿ. ತುಳು ಮನೆಮಾತಿನವಳು. ಅಪ್ಪ ಇರಲಿಲ್ಲ, ಮನೆಯಲ್ಲಿ ಅಮ್ಮನ ಅಣ್ಣನದೇ ಯಜಮಾನಿಕೆ. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಟೀಚರ್ ಬೋರ್ಡಿನಲ್ಲಿ ಎರಡನೆಯ ಸಾಲು ಬರೆಯುವುದರೊಳಗೆ ಉತ್ತರ ಹೇಳಿ, ಆಮೇಲೆ ತಾನೇ ನಾಚಿ ತಲೆ ತಗ್ಗಿಸುತ್ತಿದ್ದಳು. ನನಗೆ ಲೆಕ್ಕ ಬರುತ್ತಿರಲಿಲ್ಲ. ಅವಳು ದಿನಾ ಸಂಜೆ ಕೂತು ನನಗೆ ಹೇಳಿಕೊಡುತ್ತಿದ್ದಳು. ನಾನು ಹತ್ತನೆಯದು ಪಾಸಾದದ್ದು ಅವಳಿಂದ.

ನಮ್ಮ ವಾರ್ಡನ್ ಸಿಸ್ಟರ್ ಕೇರಳದ ದಕ್ಷಿಣದವರು. ಕನ್ನಡ ಮಾತಾಡಿದರೆ ಅರ್ಥವಾಗುತ್ತಿತ್ತು, ಮಲಯಾಳ ಸೇರಿಸಿ ತಾವೂ ಮಾತಾಡುತ್ತಿದ್ದರು, ಆದರೆ ಅಕ್ಷರ ಓದಲು ಬರುತ್ತಿರಲಿಲ್ಲ. ಬೋರ್ಡಿಂಗಿಗೆ ಬಂದ ಪತ್ರಗಳನ್ನೆಲ್ಲ ವಾರ್ಡನ್ ಮೊದಲು ಓದಬೇಕೆಂಬುದು ಆಗಿನ ಕ್ರಮ. ಕನ್ನಡ ಪತ್ರಗಳನ್ನು ಮಂಗಳೂರು ಕಡೆಯ ಇನ್ನೊಬ್ಬ ಸಿಸ್ಟರ್ ಓದಿ ಹೇಳುತ್ತಿದ್ದರು. ಆ ವರ್ಷ ಅವರಿಗೆ ವರ್ಗವಾಯಿತು, ಬದಲಿಗೆ ಬರಬೇಕಾದವರು ಬರಲು ತಡವಾಯಿತು. ವಾರ್ಡನ್ ನನ್ನನ್ನು ಕರೆದರು. ನಮ್ಮನ್ನೆಲ್ಲ ಅವರು 'ಮೋಳೇ', ಎಂದರೆ ಮಗಳೇ, ಎನ್ನುತ್ತಿದ್ದರು. "ಮೋಳೇ, ನೀನು ಚೆನ್ನಾಗಿ ಓದ್ತಿ. ಸುಳ್ಳು ಹೇಳುವುದಿಲ್ಲ. ಪತ್ರ ನೀನು ಓದು. ಓದಿದ್ದು ಇಲ್ಲಿಯೇ ಮರೀಬೇಕು" ಎಂದರು.

ನಾನು ಉಬ್ಬಿಹೋದೆ. ವಾರಕ್ಕೆರಡು ಸಂಜೆ ಅವರ ಮೇಜಿನ ಮುಂದೆ ಕೂತು ಬೇರೆಯವರ ಮನೆಯ ಸಂಗತಿಗಳನ್ನು ಗಟ್ಟಿಯಾಗಿ ಓದಿದೆ. ಯಾರದೋ ಹಸು ಕರು ಹಾಕಿದ್ದು, ಯಾರದೋ ಅಣ್ಣ ಜಗಳವಾಡಿ ಮನೆ ಬಿಟ್ಟದ್ದು. ಸಿಸ್ಟರ್ ಹೊಲಿಗೆ ಹಾಕುತ್ತಾ ಕೇಳುತ್ತಿದ್ದರು. ಯಾರದಾದರೂ ಮನೆಯಲ್ಲಿ ಕಷ್ಟ ಎಂದು ತಿಳಿದರೆ ಮರುದಿನ ಆ ಹುಡುಗಿಗೆ ಒಂದು ಬಾಳೆಹಣ್ಣು ಹೆಚ್ಚು ಸಿಗುತ್ತಿತ್ತು. ಯಾಕೆಂದು ಆ ಹುಡುಗಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು.

ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಗೆ ಮೂರ್ನಾಲ್ಕು ದಿನ ಇರುವಾಗ, ಒಂದು ಇನ್‌ಲ್ಯಾಂಡ್ ಪತ್ರ ಬಂತು. ವಾರ್ಡನ್ ಸಿಸ್ಟರಿಗೇ ಬರೆದದ್ದು. ಬರೆದವರು ನನ್ನ ಜೋಡಿಯ ಅಮ್ಮ. ನಾಲ್ಕನೆಯ ತರಗತಿಯವರೆಗೆ ಓದಿದ ಹೆಂಗಸು. ಅಕ್ಷರಗಳು ಮಕ್ಕಳ ಅಕ್ಷರದಂತೆ ದಪ್ಪ ದಪ್ಪ. ಸಿಸ್ಟರಿಗೆ ನಮಸ್ಕಾರ ಹೇಳಿ, ಆರೋಗ್ಯ ವಿಚಾರಿಸಿದ ಮೇಲೆ ಹೀಗೆ ಬರೆದಿದ್ದರು: "ಈ ರಜೆಯಲ್ಲಿ ಹುಡುಗಿಯನ್ನು ಮನೆಗೆ ಕಳಿಸಬೇಡಿ. ಅವಳ ಮಾವ ಒಂದು ಸಂಬಂಧ ತಂದಿದ್ದಾರೆ. ಗಂಡು ಬೊಂಬಾಯಿಯಲ್ಲಿ ಇರುವುದು, ಈಗ ಊರಿಗೆ ಬಂದಿದ್ದಾನೆ, ರಜೆ ಮುಗಿಯುವುದರೊಳಗೆ ವಾಪಸು ಹೋಗುತ್ತಾನೆ. ಹುಡುಗಿ ಎದುರಿಗೆ ಇಲ್ಲದಿದ್ದರೆ ಇದು ತಪ್ಪುತ್ತದೆ, ಅವಳು ಹತ್ತನೆಯದು ಮುಗಿಸುತ್ತಾಳೆ. ಅವಳಿಗೆ ಇದನ್ನು ಹೇಳಬೇಡಿ, ಹೆದರುತ್ತಾಳೆ. ಪರೀಕ್ಷೆಗೆ ಓದಲಿಕ್ಕೆ ಇಟ್ಟುಕೊಂಡಿದ್ದೇವೆ ಅಂತ ಹೇಳಿ. ನನಗೆ ನಿಮ್ಮನ್ನು ಬಿಟ್ಟರೆ ಹೇಳಿಕೊಳ್ಳಲಿಕ್ಕೆ ಯಾರೂ ಇಲ್ಲ."

ಇಷ್ಟನ್ನೂ ನಾನು ಮೊದಲು ಕಣ್ಣಲ್ಲೇ ಓದಿಬಿಟ್ಟಿದ್ದೆ. ಸಿಸ್ಟರ್ ಸೂಜಿಗೆ ದಾರ ಪೋಣಿಸುತ್ತಿದ್ದರು. "ಎಂತ ಬರ್ದಿದ್ದಾರೆ?" ಎಂದರು.

ಆ ರಜೆಯಲ್ಲಿ ನನ್ನ ಅಕ್ಕನ ಮದುವೆ ಇತ್ತು. ಭಾವನಾಗುವವನೂ ಗಲ್ಫಿನಿಂದ ರಜೆಯಲ್ಲಿ ಬಂದವನು. ನನಗೆ ಬಟ್ಟೆ ಹೊಲಿಸಿ ಆಗಿತ್ತು. ಮದರಂಗಿ ಹಾಕಿಸಿಕೊಳ್ಳುವುದನ್ನು ಮನಸ್ಸಿನಲ್ಲಿ ಎಷ್ಟೋ ಸಲ ನಡೆಸಿ ಆಗಿತ್ತು. ಅವಳು ಉಳಿದರೆ ಅವಳ ಜೋಡಿಯಾದ ನಾನೂ ಉಳಿಯಬೇಕು.

ನಾನು ಓದಿದೆ: "ಈ ರಜೆಯಲ್ಲಿ ಹುಡುಗಿಯನ್ನು ಮನೆಗೆ ಕಳಿಸಿ." 'ಕಳಿಸಬೇಡಿ' ಎಂದಿದ್ದುದನ್ನು 'ಕಳಿಸಿ' ಮಾಡಿದೆ. ಮುಂದಿನ ಸಾಲುಗಳ ಬದಲು, "ಅವಳ ಮಾವ ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ನಾವೆಲ್ಲ ಕ್ಷೇಮ" ಎಂದು ಸೇರಿಸಿದೆ. ಸ್ವರ ಸ್ವಲ್ಪವೂ ತಡವರಿಸಲಿಲ್ಲ. ಸಿಸ್ಟರ್ "ಶರಿ" ಎಂದು ಪತ್ರವನ್ನು ಮಡಚಿ ಡ್ರಾವರಿನಲ್ಲಿಟ್ಟರು.

ಎಷ್ಟೋ ವರ್ಷಗಳ ಬಳಿಕ, ನಾನೇ ಟೀಚರಾದ ಮೇಲೆ, ಒಂದು ದಿನ ಪಾಠ ಮಾಡುತ್ತಿದ್ದಾಗ ಇದ್ದಕ್ಕಿದ್ದಂತೆ ಹೊಳೆಯಿತು: ಪತ್ರವನ್ನು ಸರಿಯಾಗಿ ಓದಿ, "ಸಿಸ್ಟರ್, ನನ್ನ ಅಕ್ಕನ ಮದುವೆ ಉಂಟು" ಎಂದು ಒಂದು ಮಾತು ಹೇಳಿದ್ದರೆ ಅವರು ನನ್ನನ್ನು ಕಳಿಸುತ್ತಿದ್ದರು. ಅವಳ ಜೊತೆಗೆ ತಾವೇ ಉಳಿಯುತ್ತಿದ್ದರು. ಇದರಲ್ಲಿ ನನಗೆ ಸಂಶಯವೇ ಇಲ್ಲ. ಆ ಮಾತು ಅಂದು ಯಾಕೆ ಹೊಳೆಯಲಿಲ್ಲವೋ.

ರಜೆಯ ಮೊದಲ ದಿನ ಕಾಸರಗೋಡಿನವರೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಅಲ್ಲಿ ಅವಳು ಬೋವಿಕಾನದ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿನಲ್ಲಿ ಅವಳ ಮಾವ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಕಿಟಕಿಯಿಂದ ಕೂಗಿ, "ಹತ್ತನೇ ಪಾಠದ ಲೆಕ್ಕ ಮಾಡ್ಕೊಂಡು ಬಾ ಮಾರಾಯ್ತಿ, ಮದುವೆ ಮದುವೆ ಅಂತ ಕೂರ್ಬೇಡ" ಎಂದಳು. ನಾನು ಕೈ ಬೀಸಿದೆ.

ಅಕ್ಕನ ಮದುವೆ ಗಡದ್ದಾಗಿ ನಡೆಯಿತು. ಆ ಹತ್ತು ದಿನಗಳಲ್ಲಿ ಅವಳ ನೆನಪು ನನಗೆ ಒಮ್ಮೆಯೂ ಬರಲಿಲ್ಲ. ಇದನ್ನು ಬರೆಯುವುದು ಉಳಿದದ್ದನ್ನೆಲ್ಲ ಬರೆಯುವುದಕ್ಕಿಂತ ಕಷ್ಟ.

ಶಾಲೆ ತೆರೆದಾಗ ಅವಳು ಬರಲಿಲ್ಲ. ಒಂದು ವಾರ ಕಳೆಯಿತು. ಎರಡನೆಯ ವಾರ ಬೆಳಗಿನ ಅಸೆಂಬ್ಲಿಗೆ ನಾವು ಸಾಲು ನಿಂತಿದ್ದಾಗ ಅವಳ ಅಮ್ಮ ಅಂಗಳಕ್ಕೆ ಬಂದರು. ಸಣಕಲು ಹೆಂಗಸು, ಕೈಯಲ್ಲಿ ಕೊಡೆ. ಗೇಟಿನಿಂದಲೇ ತುಳುವಿನಲ್ಲಿ ಕೂಗಲು ಶುರುಮಾಡಿದ್ದರು. ಬ್ಯಾರಿಗಳಾದ ನಮಗೂ ತುಳು ಬರುತ್ತದೆ. ಒಂದೊಂದು ಮಾತೂ ನನಗೆ ಅರ್ಥವಾಯಿತು.

"ಕಳಿಸಬೇಡಿ ಅಂತ ಬರ್ದೆ ಅಲ್ವಾ ನಾನು? ಕಾಲಿಗೆ ಬಿದ್ದ ಹಾಗೆ ಬರ್ದೆ ಅಲ್ವಾ? ಯಾಕೆ ಕಳಿಸಿದ್ರಿ? ಮದುವೆ ಮಾಡಿ ಬೊಂಬಾಯಿಗೆ ಕರ್ಕೊಂಡು ಹೋಗಿ ಆಯ್ತು ನನ್ನ ಹುಡುಗಿಯನ್ನು!"

ವಾರ್ಡನ್ ಸಿಸ್ಟರಿಗೆ ಮಾತು ಪೂರ್ತಿ ತಿಳಿಯಲಿಲ್ಲ. ಆ ಅಮ್ಮನನ್ನು ಆಫೀಸಿಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಕನ್ನಡ ಬಲ್ಲ ಹೊಸ ಸಿಸ್ಟರ್ ಬಂದಾಗಿತ್ತು, ಅವರನ್ನೂ ಕರೆಸಿದರು. ಡ್ರಾವರು ಎಳೆದ ಸದ್ದು ಕೇಳಿಸಿತು. ಹೊಸ ಸಿಸ್ಟರ್ ಪತ್ರ ಓದಿದ್ದು ಕೇಳಿಸಿತು. ನಾನು ಸಾಲಿನಲ್ಲಿ ನಿಂತಿದ್ದೆ. ಈಗ ನನ್ನ ಹೆಸರು ಕರೆಯುತ್ತಾರೆ ಎಂದು ಕಾದೆ.

ವಾರ್ಡನ್ ಸಿಸ್ಟರ್ ಆ ಅಮ್ಮನ ಜೊತೆ ಹೊರಗೆ ಬಂದರು. ಜಗಲಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, ತಮ್ಮ ಹರಕು ಕನ್ನಡದಲ್ಲಿ ಹೇಳಿದರು: "ಅಮ್ಮಾ, ನನಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ. ಪತ್ರ ಅರ್ಥ ಆಗಲಿಲ್ಲ. ತಪ್ಪು ನನ್ನದು. ಕ್ಷಮಿಸಿ."

ಆ ಅಮ್ಮ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹೆತ್ತವರ ಹೊಟ್ಟೆಯ ಸಂಕಟ ನಿಮಗೆ ಎಂತ ಗೊತ್ತು? ಹೆತ್ತಿದ್ರೆ ಅಲ್ವಾ ಗೊತ್ತಾಗುದು" ಎಂದು ಹೇಳಿ ಕೊಡೆ ಬಿಡಿಸಿಕೊಂಡು ಗುಡ್ಡ ಇಳಿದರು. ಅವರು ಇಳಿದು ಮರೆಯಾಗುವವರೆಗೂ ಸಿಸ್ಟರ್ ಜಗಲಿಯಲ್ಲೇ ನಿಂತಿದ್ದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಸೆಂಬ್ಲಿ ಮುಂದುವರಿಯಿತು.

ಸಂಜೆ ಪತ್ರ ಓದುವ ಹೊತ್ತಿಗೆ ನಾನು ಅವರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ. ಹೊಲಿಗೆಯಿಂದ ತಲೆಯೆತ್ತಿ, "ಇನ್ನು ಪತ್ರ ಓದುವುದು ಬೇಡ ಮೋಳೇ. ಇನ್ನು ಮಕ್ಕಳ ಪತ್ರ ಮಕ್ಕಳಿಗೆ. ನೀನು ಹೋಗಿ ಲೆಕ್ಕ ಮಾಡು" ಎಂದರು. ಸ್ವರದಲ್ಲಿ ಕೋಪವಿರಲಿಲ್ಲ. ಆ ದಿನದಿಂದ ನಮ್ಮ ಬೋರ್ಡಿಂಗಿನಲ್ಲಿ ಯಾರ ಪತ್ರವನ್ನೂ ಒಡೆಯಲಿಲ್ಲ. ನನಗೆ ಶಿಕ್ಷೆಯಾಗಲಿಲ್ಲ. ಬಾಳೆಹಣ್ಣು ಹಂಚುವಾಗ ನನಗೂ ಎಲ್ಲರ ಹಾಗೆಯೇ ಕೊಟ್ಟರು. ಪರೀಕ್ಷೆಯವರೆಗೆ ನನ್ನ ಜೋಡಿಯ ಜಾಗದಲ್ಲಿ ಕೂತು ಲೆಕ್ಕ ಹೇಳಿಕೊಡಲು ಪ್ರಯತ್ನಪಟ್ಟವರೂ ಅವರೇ.

ವಯಸ್ಸಾದ ಮೇಲೆ ಸಿಸ್ಟರ್ ಅದೇ ಗುಡ್ಡದ ಕಾನ್ವೆಂಟಿಗೆ ವಿಶ್ರಾಂತಿಗೆ ಬಂದರು. ನಾನು ಆಗಾಗ ಹೋಗಿ ನೋಡುತ್ತಿದ್ದೆ. ಪ್ರತಿಸಲವೂ ಹೇಳಬೇಕೆಂದೇ ಹೋಗುತ್ತಿದ್ದೆ. ಒಂದು ಸಲ, "ಸಿಸ್ಟರ್, ಆ ಪತ್ರ..." ಎಂದು ಬಾಯಿ ತೆರೆದೆ. ಅವರು ನನ್ನ ಕೈ ಹಿಡಿದುಕೊಂಡು, "ನೀನು ಈಗ ಟೀಚರ್ ಅಲ್ವಾ? ದೊಡ್ಡವರ ಕೆಲಸ ಮಕ್ಕಳ ಕೈಯಲ್ಲಿ ಮಾಡಿಸಬೇಡ. ನಾನು ಮಾಡಿಸಿದೆ" ಎಂದರು. ಅವರು ಕೊನೆಯವರೆಗೂ ಅದನ್ನು ತಮ್ಮ ತಪ್ಪೆಂದೇ ತಿಳಿದಿದ್ದರು ಎಂದು ಕಾಣುತ್ತದೆ. ನಾನು ಅಲ್ಲ ಎನ್ನಲಿಲ್ಲ. ಚಹಾ ಕುಡಿದು ಬಂದೆ. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು.

ಜುಬಿಲಿಯ ದಿನ ಊಟದ ಚಪ್ಪರದಲ್ಲಿ ಯಾರೋ ಹಿಂದಿನಿಂದ ಬಂದು ನನ್ನ ಹೆಗಲು ಹಿಡಿದರು. ತಿರುಗಿ ನೋಡಿದರೆ ಅವಳು. ತಲೆ ನರೆತಿತ್ತು, ಮೈ ತುಂಬಿತ್ತು, ಮಾತಿನ ಮೊದಲು ನಾಚುವ ಆ ನಗೆ ಮಾತ್ರ ಹಾಗೆಯೇ ಇತ್ತು. ನಲವತ್ತು ವರ್ಷಗಳಲ್ಲಿ ಮೊದಲ ಸಲ ನೋಡುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಬೊಂಬಾಯಿ ಬಿಟ್ಟು ಬಂದಳಂತೆ. ಬೋವಿಕಾನದ ಪೇಟೆಯಲ್ಲಿ ಇನ್ನು ಮೂವರು ಹೆಂಗಸರ ಜೊತೆ ಕ್ಯಾಂಟೀನು ನಡೆಸುತ್ತಾಳಂತೆ. ಅಮ್ಮ ಅವಳ ಜೊತೆಯಲ್ಲೇ ಇದ್ದಾರಂತೆ.

ಕೈಯಲ್ಲಿ ಸಂಚಿಕೆ ಇತ್ತು. ಆ ಪುಟವನ್ನೇ ತೆರೆದು ತೋರಿಸಿದಳು. "ನೀನು ಇಲ್ಲಿ ಸಿಸ್ಟರಿಗೆ ಮಕ್ಕಳ ಮೇಲೆ ವಿಶ್ವಾಸ ಅಂತ ಬರ್ದಿದ್ದಿ. ನಮ್ಮ ಅಮ್ಮ ಇವತ್ತಿಗೂ ಹೇಳುದು, ಆ ಸಿಸ್ಟರ್ ಪತ್ರ ಓದಿಯೂ ಓದದ ಹಾಗೆ ಮಾಡಿದ್ರು ಅಂತ. ಯಾವುದು ಸರಿ ಮಾರಾಯ್ತಿ? ನೀನು ಇಲ್ಲಿಯೇ ಇದ್ದೆ ಅಲ್ವಾ?"

ಅಷ್ಟರಲ್ಲಿ ಹಳೇ ವಿದ್ಯಾರ್ಥಿನಿಯರ ಫೋಟೋಕ್ಕೆ ಬನ್ನಿ ಎಂದು ಮೈಕಿನಲ್ಲಿ ಕರೆದರು. "ಬಾ, ಬಾ" ಎಂದು ನಾನೇ ಅವಳನ್ನು ಎಳೆದುಕೊಂಡು ಹೋದೆ. ಐವತ್ತೈದು ದಾಟಿದ ಮೇಲೂ, ಅಂದಿನ ಹಾಗೆಯೇ, ನಾನು ನಿಜವನ್ನು ನುಂಗಿಬಿಟ್ಟೆ. ಫೋಟೋದಲ್ಲಿ ಇಬ್ಬರೂ ಅಕ್ಕಪಕ್ಕ ನಿಂತಿದ್ದೇವೆ.

ಆ ಮೇಲೆ ಹದಿನೈದು ದಿನ ಕಳೆಯಿತು. ಒಂದು ಮಧ್ಯಾಹ್ನ ಬೋವಿಕಾನಕ್ಕೆ ಬಸ್ಸು ಹತ್ತಿದೆ. ಊಟದ ಗಿರಾಕಿಗಳೆಲ್ಲ ಹೋಗಿ ಕ್ಯಾಂಟೀನು ಖಾಲಿಯಾಗಿತ್ತು. ಅವಳು ಬೆಂಚು ಒರೆಸುತ್ತಿದ್ದಳು. ಕೂರು ಎನ್ನುವ ಮೊದಲೇ ನಾನು ಎಲ್ಲವನ್ನೂ ಹೇಳಿದೆ. ಪತ್ರದಲ್ಲಿ ಇದ್ದದ್ದು, ನಾನು ಓದಿದ್ದು, ಬಿಟ್ಟದ್ದು, ಸೇರಿಸಿದ್ದು.

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಒಂದು ಬೆಂಚು ಮುಗಿಸಿ ಇನ್ನೊಂದಕ್ಕೆ ಹೋದಳು. ಅದನ್ನೂ ಮುಗಿಸಿ ಬಟ್ಟೆ ಹಿಂಡಿದಳು.

"ಅಕ್ಕನ ಮದುವೆಯಲ್ಲಿ ಊಟ ಚೆನ್ನಾಗಿತ್ತಾ?" ಎಂದು ಕೇಳಿದಳು.

"ಚೆನ್ನಾಗಿತ್ತು" ಎಂದೆ.

"ನನ್ನ ಮದುವೆಯಲ್ಲಿಯೂ ಚೆನ್ನಾಗಿತ್ತಂತೆ. ನಾನು ಊಟ ಮಾಡ್ಲಿಲ್ಲ." ಹಿಂಡಿದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, "ನನ್ನ ಗಂಡ ಕೆಟ್ಟವರಲ್ಲ, ಹೇಳ್ಬಾರ್ದು. ಆದ್ರೆ ಒಂದು ವರ್ಷ ನನಗೆ ದಿನಾ ಬೆಳಿಗ್ಗೆ ಏಳುವಾಗ ಬೆಲ್ಲು ಹೊಡೆದ ಹಾಗೆ ಆಗ್ತಿತ್ತು. ಶಾಲೆಯ ಬೆಲ್ಲು. ಎದ್ದು ಕೂತು ನೋಡಿದ್ರೆ ಬೊಂಬಾಯಿ" ಎಂದಳು.

ನಾನು ಅಳಲು ಶುರುಮಾಡಿದೆ. ಅಳುತ್ತಲೇ, ನಾನು ಟೀಚರಾಗಿದ್ದವಳು, ನನಗೆ ಬಿಡುವು ಉಂಟು, ಹತ್ತನೆಯದರ ತುಲ್ಯತಾ ಪರೀಕ್ಷೆ ಎಂದು ಸರಕಾರದ್ದು ಇದೆ, ದೊಡ್ಡವರೂ ಬರೆಯಬಹುದು, ದಿನಾ ಬಂದು ನಾನೇ ಪಾಠ ಹೇಳಿಕೊಡುತ್ತೇನೆ ಎಂದೆ. ಹೇಳುವಾಗ ಮನಸ್ಸು ಹಗುರಾಗುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು.

ಅವಳು ನಕ್ಕುಬಿಟ್ಟಳು. "ಅದು ಬರ್ದು ಆರು ವರ್ಷ ಆಯ್ತು ಮಾರಾಯ್ತಿ. ಹನ್ನೆರಡನೇದೂ ಆಯ್ತು. ಲೆಕ್ಕಕ್ಕೆ ಈಗಲೂ ನಿನ್ನ ಸಹಾಯ ಬೇಡ ನನಗೆ."

ಆಮೇಲೆ ನಗು ನಿಲ್ಲಿಸಿ, "ನನಗೆ ಹೇಳಿ ಆಯ್ತು. ನನಗೆ ಎಂತ ಅನ್ನಿಸ್ತದೆ ಅಂತ ನನಗೇ ಈಗ ಗೊತ್ತಾಗುದಿಲ್ಲ. ಅದು ಇರ್ಲಿ. ಅಮ್ಮ ಮನೆಯಲ್ಲಿದ್ದಾರೆ. ಅವರಿಗೆ ಹೇಳು. ನಲವತ್ತು ವರ್ಷದಿಂದ ಆ ಸಿಸ್ಟರಿಗೆ ಶಾಪ ಹಾಕ್ತಿದ್ದಾರೆ" ಎಂದಳು.

ಮನೆ ಕ್ಯಾಂಟೀನಿನ ಹಿಂದೆಯೇ. ಅಮ್ಮ ಜಗಲಿಯಲ್ಲಿ ಕೂತು ತೆಂಗಿನ ಗರಿಯಿಂದ ಕಡ್ಡಿ ತೆಗೆಯುತ್ತಿದ್ದರು. ಎಂಬತ್ತು ದಾಟಿದ್ದರೂ ಕೈ ಚುರುಕಾಗಿತ್ತು. "ಕಿವಿ ಕೇಳುದಿಲ್ಲ. ಮೆಷೀನು ತಂದುಕೊಟ್ರೆ ಹಾಕುದಿಲ್ಲ. ಜೋರಾಗಿ ಹೇಳ್ಬೇಕು" ಎಂದು ಹೇಳಿ ಅವಳು ಕಂಬಕ್ಕೆ ಒರಗಿ ನಿಂತಳು.

ಹಾಗಾಗಿ ನಾನು ಕೂಗಬೇಕಾಯಿತು. ತುಳುವಿನಲ್ಲಿ ಕೂಗಿ ಹೇಳಿದೆ: ನಿಮ್ಮ ಪತ್ರ ಓದಿದ್ದು ಸಿಸ್ಟರ್ ಅಲ್ಲ, ನಾನು. ಅವರಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಪಕ್ಕದ ಮನೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಕೈಬಿಟ್ಟು ಈ ಕಡೆ ನೋಡಿದಳು. ಕ್ಯಾಂಟೀನಿನ ಹೆಂಗಸರಿಬ್ಬರು ಏನಾಯಿತೆಂದು ಹಿಂಬಾಗಿಲಿಗೆ ಬಂದರು. ಮೂರನೆಯ ಸಲ ಹೇಳಿದಾಗ ಅಮ್ಮನಿಗೆ ತಿಳಿಯಿತು. ಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿದರು.

"ನೀನು ಓದಿದ್ದಾ? ಎಷ್ಟು ಪ್ರಾಯ ಆಗ ನಿನಗೆ? ನನ್ನ ಅಕ್ಷರವೂ ಸರಿ ಇಲ್ಲ. ತಪ್ಪಿ ಓದಿದ್ದಿ ಆಗಿರ್ಬೇಕು ಮಗಾ" ಎಂದರು.

ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಕಂಬದ ಹತ್ತಿರ ನಿಂತವಳು ನನ್ನನ್ನೇ ನೋಡುತ್ತಿದ್ದಳು.

"ತಪ್ಪಿ ಅಲ್ಲ!" ಎಂದು ಕೂಗಿದೆ. "ಬೇಕಂತಲೇ! ನನಗೆ ಮನೆಗೆ ಹೋಗ್ಲಿಕ್ಕಿತ್ತು!"

ಅವರು ಬೈಯಲಿಲ್ಲ. ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿ ಕೇಳಿದರು, "ಆ ಸಿಸ್ಟರ್ ಇದ್ದಾರಾ ಈಗ?"

ಮಗಳು ಇಲ್ಲ ಎಂದು ಕೈಯಾಡಿಸಿದಳು.

"ಅವರಿಗೆ ನಾನು ಮಕ್ಕಳ ಎದುರು ಬೈದೆ. ಹೆರದವರಿಗೆ ಎಂತ ಗೊತ್ತು ಅಂತ ಕೇಳಿದೆ. ಅವರು ಸುಮ್ಮನೆ ನಿಂತ್ರು" ಎಂದರು ಅಮ್ಮ. ಆಮೇಲೆ ಅವರ ಕೈ ಕಡ್ಡಿಯ ಕಡೆಗೆ ಹೋಗಲಿಲ್ಲ. ನಾನು ಬಸ್ಸಿಗೆ ಹೊರಡುವವರೆಗೂ ಹಾಗೆಯೇ ಕೂತಿದ್ದರು.

ಮುಂದಿನ ವಾರ ಅವಳೇ ಫೋನು ಮಾಡಿದಳು. ಅಮ್ಮನಿಗೆ ಸಿಸ್ಟರನ್ನು ಮಣ್ಣುಮಾಡಿದಲ್ಲಿಗೆ ಹೋಗಬೇಕಂತೆ. ಆಟೋದಲ್ಲಿ ಅಮ್ಮ, ಮಗಳು ಬಂದರು. ನಾನು ಶಾಲೆಯ ಗೇಟಿನಲ್ಲಿ ಕಾದೆ. ಸಮಾಧಿಗಳು ಕಾನ್ವೆಂಟಿನ ಹಿಂದೆ, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ನಾನು ಕೈ ನೀಡಿದೆ. ಅಮ್ಮ ಅದನ್ನು ಹಿಡಿಯಲಿಲ್ಲ, ಮಗಳ ಕೈ ಹಿಡಿದು ಇಳಿದರು. ಸಿಸ್ಟರ ಕಲ್ಲಿನ ಮುಂದೆ ನಿಂತು, ಕಿವಿ ಕೇಳದವರು ಮಾತಾಡುವಂತೆ ದೊಡ್ಡ ಸ್ವರದಲ್ಲಿ, "ಸಿಸ್ಟರೇ, ಗೊತ್ತಿಲ್ಲದೆ ಹೇಳಿದೆ" ಎಂದರು. ನನಗೂ ಏನಾದರೂ ಹೇಳಬೇಕೆನಿಸಿತು. ಅವರಿದ್ದಾಗ ಹೇಳದವಳಿಗೆ ಅಲ್ಲಿ ಮಾತು ಬರಲಿಲ್ಲ.

ಮುಖ್ಯೋಪಾಧ್ಯಾಯಿನಿ ಸಿಸ್ಟರಿಗೆ ಅದೇ ದಿನ ವಿಷಯ ಹೇಳಿ, ಸಂಚಿಕೆಗೆ ಒಂದು ತಿದ್ದುಪಡಿ ಹಾಕಬೇಕು ಎಂದೆ. ಅವರು ಸಂಚಿಕೆಯ ಆ ಪುಟವನ್ನು ತೆರೆದು ನೋಡಿ, "ಹಂಚಿ ಆಯ್ತಲ್ಲ ಟೀಚರ್. ಸಿಸ್ಟರ ಬಗ್ಗೆ ಒಳ್ಳೆಯದೇ ಬಂದಿದೆ. ಈಗ ಅದನ್ನೆಲ್ಲ ಯಾಕೆ?" ಎಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬೋವಿಕಾನಕ್ಕೆ ಈಗಲೂ ಹೋಗುತ್ತೇನೆ. ಅವಳು ಚಹಾ ಕೊಡುತ್ತಾಳೆ, ಕ್ಯಾಂಟೀನಿನ ಸುದ್ದಿ ಹೇಳುತ್ತಾಳೆ. ಆ ವಿಷಯ ಎತ್ತುವುದಿಲ್ಲ. ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ನಿದ್ದೆಗೆಟ್ಟಿರುವುದು ಅವಳ ಅಮ್ಮ. ನಲವತ್ತು ವರ್ಷ ಒಬ್ಬರ ಮೇಲೆ ಸಿಟ್ಟಿಟ್ಟುಕೊಂಡು ಹೇಗೋ ಬದುಕಿದ್ದ ಹೆಂಗಸಿಗೆ ಆ ಸಿಟ್ಟೂ ಈಗ ಇಲ್ಲ. ನನ್ನ ಭಾರ ಇಳಿಸಲು ಹೋಗಿ ಅದರ ಒಂದು ಪಾಲನ್ನು ಅವರ ತಲೆಯ ಮೇಲೆ ಇಟ್ಟುಬಂದೆನೋ ಎಂದು ಅನಿಸುತ್ತದೆ. ಹೇಳದಿದ್ದರೆ ಸರಿಯಾಗುತ್ತಿತ್ತೇ ಎಂದರೆ, ಅದೂ ಅಲ್ಲ.

ಕಳೆದ ವಾರ ಹೋದಾಗ ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: "ನಾನು ಬೈದು ಹೋದ ಮೇಲೆ ಆ ಸಿಸ್ಟರಿಗೆ ಅವರ ದೊಡ್ಡವರು ಎಂತಾದ್ರೂ ಹೇಳಿದ್ರಾ? ನನ್ನಿಂದಾಗಿ ಅವರಿಗೆ ತೊಂದರೆ ಆಯ್ತಾ?"

ಗೊತ್ತಿಲ್ಲ ಎಂದು ಕಿವಿಯ ಹತ್ತಿರ ಬಾಗಿ ಹೇಳಿದೆ. ಕೇಳಿಸಲಿಲ್ಲವೆಂದು ಇನ್ನೊಮ್ಮೆ ಹೇಳಿಸಿದರು.